ಎಲೆ ಎಲ್ಲರದು, ಕಥೆ ಯಾರದು?

ತುಳಸಿಯ ಬಗ್ಗೆ ಬರೆಯುವವರಲ್ಲಿ ನಾವು ಎರಡು ಬಗೆಯವರನ್ನು ಕಂಡಿದ್ದೇವೆ. ಮೊದಲನೆಯವರು ತುಳಸಿ ವಿಷ್ಣುಪ್ರಿಯೆ, ಅದನ್ನು ನೋಡಿದರೆ ಪಾಪ ಹೋಗುತ್ತದೆ, ಸಾಯುವವನ ಬಾಯಿಗೆ ಒಂದು ದಳ ಹಾಕಿದರೆ ಮೋಕ್ಷ ಸಿಗುತ್ತದೆ ಎಂದು ಬರೆಯುತ್ತಾರೆ. ಎರಡನೆಯವರು ನಾಲ್ಕಕ್ಷರ ವಿಜ್ಞಾನ ಓದಿಕೊಂಡವರು. ಅದೇ ಮಾತಿಗೆ ಹೊಸ ಅಂಗಿ ತೊಡಿಸಿ, "ನಮ್ಮ ಹಿರೀಕರಿಗೆ ಎಲ್ಲಾ ಗೊತ್ತಿತ್ತು ಸ್ವಾಮಿ, ಔಷಧಿ ಗುಣ ಇದೆ ಅಂತಲೇ ಪೂಜೆ ಇಟ್ಟರು" ಎನ್ನುತ್ತಾರೆ. ಮೊದಲನೆಯವರದು ಭಕ್ತಿ, ಎರಡನೆಯವರದು ಜಾಣತನ. ಇಬ್ಬರೂ ಬಿಟ್ಟುಬಿಡುವ ಒಂದು ಕೆಲಸವಿದೆ. ತುಳಸಿಯ ಕಥೆಯನ್ನು ಒಂದು ಕಥೆ ಎಂದು ಕೈಗೆತ್ತಿಕೊಂಡು, ಅದರಲ್ಲಿ ಯಾರು ಯಾರಿಗೆ ಏನು ಮಾಡಿದರು ಎಂದು ಕೇಳುವ ಕೆಲಸ.

ಪಂಪನ ಕರ್ಣನನ್ನು, ರನ್ನನ ದುರ್ಯೋಧನನನ್ನು ಸೋತವರ ಕಡೆಯಿಂದ ಓದಿ ಕಣ್ಣೀರು ಹಾಕಿದ ಕನ್ನಡ ವಿಮರ್ಶೆ, ಅಂಗಳದ ಕಟ್ಟೆಯ ಮೇಲಿರುವ ಈ ಕಥೆಯ ಹತ್ತಿರ ಬಂದಾಗ ಮಾತ್ರ ಚಪ್ಪಲಿ ಬಿಟ್ಟು ಕೈಮುಗಿಯುತ್ತದೆ. ನಾವು ಚಪ್ಪಲಿ ಹಾಕಿಕೊಂಡೇ ಹತ್ತಿರ ಹೋಗಿ ನೋಡೋಣ ಎನ್ನುತ್ತೇವೆ.

ಮೊದಲೇ ಒಂದು ಮಾತು. ಗಿಡದ ಮೇಲೆ ನಮಗೆ ಜಗಳವಿಲ್ಲ. ಎಲೆಗೆ ಜಾತಿ ಇಲ್ಲ. ತನ್ನನ್ನು ಜಗಿದ ಬಾಯಿ ಊರಿನದೋ ಕೇರಿಯದೋ ಎಂದು ನೋಡಿ ಅದು ಕೆಲಸ ಮಾಡುವುದಿಲ್ಲ. ನಮ್ಮ ಜಗಳ ಗಿಡದ ಸುತ್ತ ಹಬ್ಬಿಸಿದ ಕಥೆಯ ಮೇಲೆ, ಆ ಕಥೆಯ ನಿಜ ಮುಚ್ಚಲು ಕಟ್ಟಿದ ಕಟ್ಟೆಯ ಮೇಲೆ.

*

ಪುರಾಣಗಳಲ್ಲಿ ತುಳಸಿಗೆ ಎರಡು ಕಥೆಗಳಿವೆ. ಪದ್ಮಪುರಾಣ, ಶಿವಪುರಾಣಗಳಲ್ಲಿ ಬರುವುದು ವೃಂದೆಯ ಕಥೆ. ಜಲಂಧರ ಸಮುದ್ರದ ಮಗ, ಅಸುರರ ದೊರೆ. ಕಾಲನೇಮಿಯ ಮಗಳು ವೃಂದೆ ಅವನ ಹೆಂಡತಿ. ದೇವತೆಗಳು ಕಡಲು ಕಡೆದು ಹೊತ್ತುಕೊಂಡು ಹೋದ ಐಶ್ವರ್ಯವೆಲ್ಲ ನನ್ನ ಅಪ್ಪನ ಸೊತ್ತು, ವಾಪಸು ಕೊಡಿ ಎಂದು ಜಲಂಧರ ಇಂದ್ರನ ಹತ್ತಿರ ದೂತನನ್ನು ಕಳಿಸುತ್ತಾನೆ. ಜಗಳ ಶುರುವಾಗುವುದು ಇಲ್ಲಿಂದ. ಕಥೆ ಹೇಳುವವರು ಹೆಚ್ಚಾಗಿ ಈ ಮಾತನ್ನು ದಾಟಿ, ಅಸುರನ ಸೊಕ್ಕಿನಿಂದ ಶುರು ಮಾಡುತ್ತಾರೆ. ಅಪ್ಪನ ಸೊತ್ತು ಕೇಳಿದವನನ್ನು ಸೊಕ್ಕಿನವನು ಅನ್ನುವುದು ನಮಗೇನೂ ಹೊಸದಲ್ಲ. ಭೂಮಿ ಕೇಳಿದವನಿಗೆ, ಕೂಲಿ ಕೇಳಿದವನಿಗೆ ಊರು ಇವತ್ತಿಗೂ ಇಡುವ ಹೆಸರು ಅದೇ.

ಜಲಂಧರ ಸಾಧುವಾಗಿದ್ದ ಎಂದು ನಾವು ವಾದಿಸುತ್ತಿಲ್ಲ. ಅವನು ಪಾರ್ವತಿಯ ಮೇಲೆ ಕಣ್ಣು ಹಾಕಿದ. ಶಿವನ ವೇಷ ಹಾಕಿಕೊಂಡು ಅವಳ ಮುಂದೆ ಹೋಗಿ ನಿಂತ. ಅವಳಿಗೆ ಗೊತ್ತಾಯಿತು, ತಪ್ಪಿಸಿಕೊಂಡಳು. ತಪ್ಪು ಅವನದು, ಶಿಕ್ಷೆಯೂ ಅವನಿಗೇ ಆಗಬೇಕಿತ್ತು. ಆದರೆ ಕಥೆ ಏನು ಮಾಡುತ್ತದೆ ನೋಡಿ. ಹೆಂಡತಿಯ ಪಾತಿವ್ರತ್ಯ ಇರುವ ತನಕ ಗಂಡ ಸಾಯುವುದಿಲ್ಲವಂತೆ. ಅದಕ್ಕೆ ವಿಷ್ಣು ಜಲಂಧರನ ವೇಷ ಹಾಕಿಕೊಂಡು ವೃಂದೆಯ ಹತ್ತಿರ ಹೋಗುತ್ತಾನೆ. ಯುದ್ಧದಲ್ಲಿ ಗಂಡ ಸತ್ತನೆಂದು ಗೋಳಾಡುತ್ತಿದ್ದವಳು, ಬದುಕಿ ಬಂದ ಎಂದು ನಂಬಿ ಅವನ ಜೊತೆ ಇರುತ್ತಾಳೆ. ಮೋಸ ಗೊತ್ತಾದ ದಿನ, ನಿನ್ನ ಹೆಂಡತಿಗೂ ಇದೇ ಗತಿ ಬರಲಿ ಎಂದು ಶಾಪ ಹಾಕಿ ಬೆಂಕಿಗೆ ಬೀಳುತ್ತಾಳೆ. ಅತ್ತ ಜಲಂಧರನ ತಲೆ ಉರುಳುತ್ತದೆ.

ಇಬ್ಬರು ಗಂಡಸರು ಮಾಡಹೊರಟದ್ದು ಒಂದೇ ಕೆಲಸ. ಇನ್ನೊಬ್ಬನ ವೇಷ ಹಾಕಿ ಅವನ ಹೆಂಡತಿಯನ್ನು ಮೋಸ ಮಾಡುವುದು. ಸೋತವನು ಅಸುರನಾಗಿ ಉಳಿದ, ಗೆದ್ದವನು ಜಗನ್ನಾಥನಾಗಿ ಉಳಿದ. ನಡುವೆ ಸುಟ್ಟು ಹೋದವಳಿಗೆ ಈ ಜಗಳದಲ್ಲಿ ಯಾವ ಪಾತ್ರವೂ ಇರಲಿಲ್ಲ. ಗಂಡಸಿನ ಮೇಲಿನ ಸಿಟ್ಟನ್ನು ಅವನ ಮನೆ ಹೆಂಗಸರ ಮೇಲೆ ತೀರಿಸಿಕೊಳ್ಳುವ ಪಾಠ ಪುರಾಣದ ಪುಟದಲ್ಲೇ ಉಳಿದಿದ್ದರೆ ನಾವು ಈ ಲೇಖನ ಬರೆಯುತ್ತಿರಲಿಲ್ಲ. 2006ರಲ್ಲಿ ಮಹಾರಾಷ್ಟ್ರದ ಭಂಡಾರಾ ಜಿಲ್ಲೆಯ ಖೈರ್ಲಾಂಜಿಯಲ್ಲಿ, ಒಂದು ದಲಿತ ಮನೆಯ ತಾಯಿ, ಮಗಳು, ಇಬ್ಬರು ಗಂಡುಮಕ್ಕಳನ್ನು ಊರಿನ ಗುಂಪು ಕೊಂದು ಹಾಕಿತು. ಹಿಂದೆ ಇದ್ದದ್ದು ಜಮೀನಿನ ತಕರಾರು. ಯಜಮಾನ ಬದುಕಿ ಉಳಿದ, ಮನೆ ಉಳಿಯಲಿಲ್ಲ.

ಎರಡನೆಯ ಕಥೆ ದೇವೀಭಾಗವತ, ಬ್ರಹ್ಮವೈವರ್ತ ಪುರಾಣಗಳದು. ಇಲ್ಲಿ ಅವಳ ಹೆಸರೇ ತುಳಸಿ. ಧರ್ಮಧ್ವಜನ ಮಗಳು. ಬದರಿಯಲ್ಲಿ ತಪಸ್ಸು ಮಾಡಿದವಳು. ದಾನವರ ದೊರೆ ಶಂಖಚೂಡನನ್ನು ಮದುವೆಯಾದವಳು. ಅವನನ್ನು ಕೊಲ್ಲಬೇಕು, ಮೈಮೇಲೆ ಕವಚವಿದೆ. ವಿಷ್ಣು ಮುದುಕ ಬ್ರಾಹ್ಮಣನಾಗಿ ಬಂದು ಕವಚ ಬೇಡುತ್ತಾನೆ, ದಾನವ ಇಲ್ಲವೆನ್ನದೆ ಬಿಚ್ಚಿ ಕೊಡುತ್ತಾನೆ. ಕರ್ಣನ ಹತ್ತಿರ ಇಂದ್ರ ಬೇಡಿದ್ದೂ ಹೀಗೆ, ಬಲಿಯ ಹತ್ತಿರ ವಾಮನ ಬೇಡಿದ್ದೂ ಹೀಗೆ. ಕೊಡುವ ಕೈಯನ್ನೇ ಕಡಿಯುವ ಈ ಜಾಣತನವನ್ನು ನಮ್ಮ ಪುರಾಣಗಳು ಎಷ್ಟು ಸಲ ಹೊಗಳಿವೆ, ಲೆಕ್ಕ ಹಾಕಿ. ಕವಚ ತೆಗೆದುಕೊಂಡ ಮೇಲೆ ಅದೇ ವಿಷ್ಣು ಶಂಖಚೂಡನ ರೂಪದಲ್ಲಿ ತುಳಸಿಯ ಹತ್ತಿರ ಹೋಗುತ್ತಾನೆ. ಗೊತ್ತಾದಾಗ ಅವಳು, ನಿನ್ನ ಎದೆ ಕಲ್ಲು, ನೀನು ಕಲ್ಲಾಗಿ ಹೋಗು ಎಂದು ಶಪಿಸುತ್ತಾಳೆ. ಅವನು ಸಾಲಿಗ್ರಾಮವಾಗುತ್ತಾನೆ. ಅವಳ ಮೈ ಗಂಡಕಿ ನದಿಯಾಗುತ್ತದೆ. ಅವಳ ಕೂದಲು ತುಳಸಿ ಗಿಡವಾಗುತ್ತದೆ. ಕಡಲಿಗೆ ಎಸೆದ ಶಂಖಚೂಡನ ಮೂಳೆಗಳು ಶಂಖಗಳಾಗುತ್ತವೆ.

ಈಗ ದೇವರ ಮನೆಗೆ ಬನ್ನಿ. ತಟ್ಟೆಯಲ್ಲಿ ಸಾಲಿಗ್ರಾಮವಿದೆ, ಅದು ಅವಳ ಶಾಪ. ಅದರ ಮೇಲೆ ತುಳಸಿ ದಳವಿದೆ, ಅದು ಅವಳ ಕೂದಲು. ಪಕ್ಕದಲ್ಲಿ ಶಂಖವಿದೆ, ಅದು ಅವಳ ಗಂಡನ ಮೂಳೆ. ಆ ಮೂಳೆಯಲ್ಲಿ ನೀರು ತುಂಬಿ, ಅವಳ ಶಾಪವನ್ನು ತೊಳೆದು, ಅವಳ ಕೂದಲನ್ನು ಮೇಲಿಟ್ಟು, ತೀರ್ಥ ಎಂದು ಕೈಗೆ ಹಾಕುತ್ತಾರೆ. ಪೂಜೆ ಮಾಡುವವರ ಮನಸ್ಸನ್ನು ನೋಯಿಸಲು ನಾವು ಈ ಚಿತ್ರ ಕಟ್ಟಿಲ್ಲ. ಒಂದೊಂದು ವಸ್ತುವೂ ಅವರೇ ಓದುವ ಪುರಾಣದಲ್ಲಿದೆ. ನಾವು ಮಾಡಿದ್ದು ಇಷ್ಟೇ, ಬೇರೆ ಬೇರೆ ಪುಟಗಳಲ್ಲಿದ್ದುದನ್ನು ಒಂದು ತಟ್ಟೆಯಲ್ಲಿ ಇಟ್ಟೆವು.

ಇಷ್ಟಾದ ಮೇಲೂ ಒಂದು ಮಾತು ಬಾಕಿ ಇದೆ. ಸಾಲಿಗ್ರಾಮವನ್ನು ಹೆಂಗಸರು, ಶೂದ್ರರು ಮುಟ್ಟಬಾರದು ಎಂಬ ನಿಯಮ ಎಷ್ಟೋ ಮನೆ-ಮಠಗಳಲ್ಲಿ ಇನ್ನೂ ನಡೆಯುತ್ತಿದೆ. ಹೆಂಗಸಿನ ಬಾಯಿಂದ ಬಂದ ಶಾಪದಿಂದ ಹುಟ್ಟಿದ ಕಲ್ಲನ್ನು ಹೆಂಗಸು ಮುಟ್ಟಬಾರದು! ಈ ನಿಯಮ ಬರೆದವನಿಗೆ ಕಥೆ ಚೆನ್ನಾಗಿ ಗೊತ್ತಿರಬೇಕು. ಮುಟ್ಟಿದರೆ ನೆನಪು ಬಂದೀತು ಎಂಬ ಭಯ ಅವನಿಗಿದ್ದರೂ ಇರಬಹುದು. ಅಂದ ಹಾಗೆ ಆ ಕಲ್ಲು, ನೇಪಾಳದ ಕಾಳಿಗಂಡಕಿಯಲ್ಲಿ ಸಿಗುವ, 10 ಕೋಟಿ ವರ್ಷಕ್ಕೂ ಹಿಂದಿನ ಕಡಲಜೀವಿಯ ಪಳೆಯುಳಿಕೆ. ಹಿಮಾಲಯ ಏಳುವ ಮೊದಲು ಅಲ್ಲಿ ಕಡಲಿತ್ತು. ಆ ಜೀವಿಗೆ ಯಾರ ಮಡಿಯೂ ಗೊತ್ತಿರಲಿಲ್ಲ.

ಪಂಡಿತರು ಇದಕ್ಕೆ ಉತ್ತರ ಇಟ್ಟುಕೊಂಡಿದ್ದಾರೆ. ತುಳಸಿ ಪೂರ್ವಜನ್ಮದಲ್ಲಿ ಗೋಲೋಕದ ಗೋಪಿ, ಕೃಷ್ಣನವಳೇ, ಶಾಪದಿಂದ ಭೂಮಿಗೆ ಬಂದಳು, ಆದ್ದರಿಂದ ನಡೆದದ್ದು ಮೋಸವಲ್ಲ, ಲೀಲೆ ಎನ್ನುತ್ತಾರೆ. ಪೂರ್ವಜನ್ಮದ ಮಾತನ್ನು ದಯವಿಟ್ಟು ನಮ್ಮ ಮುಂದೆ ತರಬೇಡಿ. ನಮ್ಮನ್ನು ಊರ ಹೊರಗೆ ಇಟ್ಟದ್ದೂ ಅದೇ ಖಾತೆಯ ಲೆಕ್ಕದಲ್ಲಿ. ಈ ಜನ್ಮದಲ್ಲಿ ಅವಳಿಗೆ ಏನಾಯಿತು? ಅವಳು ಒಪ್ಪಿದಳೆ? ಒಪ್ಪಿದ್ದರೆ ಶಾಪ ಯಾಕೆ ಹಾಕಿದಳು?

*

ಕಾರ್ತಿಕ ಶುದ್ಧ ದ್ವಾದಶಿಯ ಸಂಜೆ ಕಟ್ಟೆಗೆ ಸುಣ್ಣ ಬಳಿದು, ಕಬ್ಬಿನ ಚಪ್ಪರ ಹಾಕಿ, ತುಳಸಿಯ ಪಕ್ಕದಲ್ಲಿ ನೆಲ್ಲಿಯ ಕೊಂಬೆ ನೆಟ್ಟು, ನೆಲ್ಲಿಕಾಯಿ ಕೊರೆದು ಅದರಲ್ಲಿ ದೀಪ ಹಚ್ಚುತ್ತಾರೆ. ತುಳಸಿಗೂ ವಿಷ್ಣುವಿಗೂ ಮದುವೆ. ನೆಲ್ಲಿ ಯಾಕೆ ಬಂತು ಎಂದರೆ ಪದ್ಮಪುರಾಣದಲ್ಲಿ ಅದಕ್ಕೂ ಕಥೆಯಿದೆ. ವೃಂದೆ ಸುಟ್ಟುಹೋದ ಬೂದಿಯ ಮೇಲೆ ವಿಷ್ಣು ಮಂಕಾಗಿ ಕೂತನಂತೆ. ದೇವಿಯರು ಕೊಟ್ಟ ಬೀಜಗಳು ಆ ಬೂದಿಯಲ್ಲಿ ಬಿದ್ದು ನೆಲ್ಲಿ, ಮಾಲತಿ, ತುಳಸಿ ಹುಟ್ಟಿದವು. ಅಂದರೆ ಮದುವೆಯ ಮಂಟಪ ಎದ್ದಿರುವುದು ಚಿತೆಯ ಜಾಗದಲ್ಲಿ.

ಹಬ್ಬ ನೋಡಲು ಚೆಂದ. ಸಾಲು ದೀಪ, ಮಕ್ಕಳ ಗಲಾಟೆ, ಪ್ರಸಾದದ ಅವಲಕ್ಕಿ. ಚೆಂದ ಇರುವುದರಿಂದಲೇ ಪ್ರಶ್ನೆ ಕೇಳುವುದು ಕಷ್ಟ. ಆದರೂ ಕೇಳಬೇಕು. ಕೆಡಿಸಿದವನಿಗೇ ಕೆಟ್ಟವಳನ್ನು ಕಟ್ಟುವ ಮದುವೆಯಲ್ಲವೆ ಇದು? ನಮ್ಮ ಹಳ್ಳಿಗಳ ಪಂಚಾಯ್ತಿ ಕಟ್ಟೆಯಲ್ಲಿ ಕೂತವರು ಮೀಸೆ ತಿರುವಿ ಹೇಳುವ ತೀರ್ಮಾನವೂ ಇದೇ ತಾನೆ. "ಆದದ್ದಾಯ್ತು, ಅವನಿಗೇ ಕಟ್ಟಿಬಿಡ್ರಿ, ಮಾನ ಉಳಿಯುತ್ತೆ" ಅಂತಾರೆ. ಯಾರ ಮಾನ? ಅತ್ಯಾಚಾರದ ಮೊಕದ್ದಮೆಯಲ್ಲಿ ರಾಜಿಗೂ ಮದುವೆಯ ಮಾತುಕತೆಗೂ ಜಾಗವಿಲ್ಲ ಎಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಬೇಕಾಯಿತು. ಆ ರಾಜಿಯನ್ನು ಮಂಗಳವಾದ್ಯದ ಜೊತೆ ವರ್ಷ ವರ್ಷ ಆಚರಿಸುವ ಸಮಾಜಕ್ಕೆ ಅದು ತಪ್ಪೆಂದು ಹೊಳೆಯುವುದು ಸುಲಭವಲ್ಲ.

ಇನ್ನೊಂದು ವಿಚಿತ್ರ. ತುಳಸಿ ಪೂಜೆ ಮುತ್ತೈದೆತನ ಕಾಪಾಡುವ ಪೂಜೆ. ಗಂಡನ ಆಯುಸ್ಸು ಗಟ್ಟಿಯಾಗಲಿ ಎಂದು ಹೆಂಗಸರು ಕಟ್ಟೆ ಸುತ್ತುತ್ತಾರೆ. ಹಳೆಯ ಕನ್ನಡ ಸಿನಿಮಾಗಳಲ್ಲಿ ಮನೆಯ ಸೊಸೆ ಒಳ್ಳೆಯವಳೆಂದು ತೋರಿಸಬೇಕಾದರೆ, ಬೆಳಗಿನ ಜಾವ ಒದ್ದೆ ಕೂದಲು ಬಿಟ್ಟು ತುಳಸಿಕಟ್ಟೆ ಸುತ್ತಿಸಿದರೆ ಸಾಕಿತ್ತು. ಗಂಡ ಸತ್ತವಳು ಮಾತ್ರ ಆರತಿ ತಟ್ಟೆಯ ಹತ್ತಿರ ಬರಬಾರದು, ಒಳಗೆ ಕತ್ತಲಲ್ಲಿ ಕೂರಬೇಕು. ಆದರೆ ಕಟ್ಟೆಯ ಮೇಲೆ ನಿಂತಿರುವವಳು ಯಾರು? ಗಂಡನನ್ನು ಕಳಕೊಂಡವಳು. ಅವಳ ಗಂಡನನ್ನು ದೇವತೆಗಳೇ ಕೊಂದರು. ಒಬ್ಬ ವಿಧವೆಯ ಮುಂದೆ ನಿಂತು ಮುತ್ತೈದೆತನ ಬೇಡಿಕೊಂಡು, ಮನೆಯೊಳಗಿನ ವಿಧವೆಯನ್ನು ಅಪಶಕುನ ಎನ್ನುವ ಈ ನಾಟಕವನ್ನು ಯಾವ ನವ್ಯ ನಾಟಕಕಾರನೂ ಇದಕ್ಕಿಂತ ಕಠೋರವಾಗಿ ಬರೆಯಲಾರ. ಕಥೆ ಮರೆತರೆ ಮಾತ್ರ ಈ ಪೂಜೆ ನಡೆಯುತ್ತದೆ. ಮರೆಸುವುದಕ್ಕೇ ಮದುವೆ.

ದ್ವಾದಶಿಗೆ ಹನ್ನೊಂದು ದಿನ ಮೊದಲು ಬಲಿಪಾಡ್ಯಮಿ ಬರುತ್ತದೆ ಎಂಬುದನ್ನೂ ಗಮನಿಸಿ. ಅದೂ ಒಬ್ಬ ಅಸುರ ದೊರೆಯ ಕಥೆ, ಅಲ್ಲೂ ವಿಷ್ಣುವಿನ ವೇಷ. ಆದರೆ ಬಲಿಯನ್ನು ಜನ ಮರೆತಿಲ್ಲ. ಕರಾವಳಿಯ ಗದ್ದೆಗಳಲ್ಲಿ ದೀಪ ಇಟ್ಟು, ಬಲೀಂದ್ರ ಬಾ ಎಂದು ಇವತ್ತಿಗೂ ಕೂಗಿ ಕರೆಯುತ್ತಾರೆ. ಜೋತಿಬಾ ಫುಲೆ 1873ರ 'ಗುಲಾಮಗಿರಿ'ಯಲ್ಲಿ ದಶಾವತಾರದ ಕಥೆಗಳನ್ನು ತಿರುಗಿಸಿ ಓದಿ, ಬಲಿರಾಜನನ್ನು ದುಡಿಯುವ ಜನರ ದೊರೆಯಾಗಿ ಎತ್ತಿ ನಿಲ್ಲಿಸಿದರು. ಸೋತ ಗಂಡಸಿಗೆ ಹೀಗೆ ವರ್ಷಕ್ಕೊಮ್ಮೆ ಊರಿಗೆ ಬರುವ ಹಕ್ಕಾದರೂ ಉಳಿಯಿತು. ಸೋತ ಹೆಂಗಸಿಗೆ ಉಳಿದದ್ದು ಕೊಂದವರ ಕಡೆಯವನ ಜೊತೆ ಮದುವೆ. ಬಲಿಯನ್ನು ಕೂಗಿ ಕರೆಯುವ ನಮ್ಮ ಜನ ವೃಂದೆಯನ್ನು ಒಮ್ಮೆಯೂ ಅವಳ ಹೆಸರಿನಿಂದ ಕರೆದಿಲ್ಲ. ಇದು ವೈದಿಕರ ತಪ್ಪು ಮಾತ್ರವೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಬಂಡಾಯದ ಗಂಡಸರೂ ಬಲಿಯ ಮೇಲೆ, ಏಕಲವ್ಯನ ಮೇಲೆ, ಶಂಬೂಕನ ಮೇಲೆ ಪುಟಗಟ್ಟಲೆ ಬರೆದಿದ್ದೇವೆ. ವೃಂದೆಯ ಪಾಲಿಗೆ ಎಷ್ಟು ಸಾಲು ಬಂದಿವೆ?

*

ಇಲ್ಲಿ ಭಕ್ತಿಪಂಥದ ಗೆಳೆಯರು ನಮ್ಮನ್ನು ತಡೆದು ನಿಲ್ಲಿಸುತ್ತಾರೆ. ಕೃಷ್ಣ ತುಲಾಭಾರದ ಕಥೆ ನೆನಪಿಸುತ್ತಾರೆ. ಸತ್ಯಭಾಮೆಯ ಚಿನ್ನಕ್ಕೆಲ್ಲ ಏಳದ ತಕ್ಕಡಿ ರುಕ್ಮಿಣಿ ಇಟ್ಟ ಒಂದು ತುಳಸಿ ದಳಕ್ಕೆ ಎದ್ದಿತು. ತುಳಸಿ ಬಡವರ ಬಂಗಾರ, ಕಾಸಿಲ್ಲದವನೂ ದೇವರಿಗೆ ಕೊಡಬಹುದಾದ ಕಾಣಿಕೆ ಎನ್ನುತ್ತಾರೆ. ಈ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇವೆ. ಚಿನ್ನದ ದೇವರಿಗಿಂತ ಎಲೆಯ ದೇವರು ಬಡವನಿಗೆ ಹತ್ತಿರ. ಪಂಢರಪುರದ ವಾರಕರಿಗಳು ಕೊರಳಿಗೆ ತುಳಸಿ ಮಣಿಯ ಮಾಲೆ ಹಾಕಿಕೊಂಡು, ಹೆಂಗಸರು ತಲೆಯ ಮೇಲೆ ತುಳಸಿಯ ಕುಂಡ ಹೊತ್ತು, ನೂರಾರು ಮೈಲಿ ನಡೆಯುವುದನ್ನು ನೋಡಿದರೆ ಯಾರ ಮನಸ್ಸಾದರೂ ಕರಗುತ್ತದೆ. ಆ ವಿಠಲ ಕನ್ನಡಿಗರಿಗೂ ದೂರದವನಲ್ಲ. ನಮ್ಮ ದಾಸರ ಅಂಕಿತಗಳಲ್ಲೇ ಅವನ ಹೆಸರಿದೆ.

ಆದರೆ ಅದೇ ಪಂಢರಪುರದಲ್ಲಿ ಚೋಖಾಮೇಳನಿಗೆ ಏನಾಯಿತು? ಹದಿನಾಲ್ಕನೆಯ ಶತಮಾನದ ಮಹಾರ ಜಾತಿಯ ಸಂತ. ವಿಠಲನ ಭಕ್ತ. ಗುಡಿಯೊಳಗೆ ಕಾಲಿಡುವಂತಿರಲಿಲ್ಲ. ಮಂಗಳವೇಢೆಯಲ್ಲಿ ಗೋಡೆ ಕಟ್ಟುವ ಕೆಲಸ ಮಾಡುತ್ತಿದ್ದಾಗ ಗೋಡೆ ಕುಸಿದು ಸತ್ತನೆಂದು ಪರಂಪರೆ ಹೇಳುತ್ತದೆ. ಅವನ ಮೂಳೆಗಳನ್ನು ನಾಮದೇವ ಆರಿಸಿ ತಂದನಂತೆ. ಸಮಾಧಿ ಆದದ್ದು ಗುಡಿಯ ಬಾಗಿಲಾಚೆ, ಮೆಟ್ಟಿಲ ಎದುರಿಗೆ. ದಾನವನ ಮೂಳೆ ಶಂಖವಾಗಿ ಗರ್ಭಗುಡಿಯ ಒಳಗೆ ಹೋಯಿತು, ಭಕ್ತನ ಮೂಳೆ ಬಾಗಿಲ ಹೊರಗೇ ಉಳಿಯಿತು. ಆ ಬಾಗಿಲು ದಲಿತರಿಗೆ ತೆರೆಯಬೇಕಾದರೆ 1947ರ ಮೇ ತಿಂಗಳಲ್ಲಿ ಸಾನೆ ಗುರೂಜಿ ಉಪವಾಸ ಕೂರಬೇಕಾಯಿತು. ಚೋಖಾಮೇಳ ಸತ್ತು ಆಗಲೇ ಆರುನೂರು ವರ್ಷ. ಎಲೆ ಅಗ್ಗವಾಗಿದ್ದರೆ ಸಾಲದು ಗೆಳೆಯರೆ, ಎಲೆ ಹಿಡಿದ ಕೈಗೆ ಬಾಗಿಲೂ ತೆರೆಯಬೇಕು.

ಊರೊಳಗಿನ ಕಟ್ಟೆಗಳ ಕಥೆಯೂ ಬೇರೆಯಲ್ಲ. ಕಟ್ಟೆಯ ಕಲ್ಲು ಒಡೆದವರು ನಮ್ಮವರು, ಬಳಿಯುವ ಕೆಮ್ಮಣ್ಣು ತಲೆಯ ಮೇಲೆ ಹೊತ್ತು ತಂದವರು ನಮ್ಮ ಅವ್ವಂದಿರು. ಕಟ್ಟೆ ಎದ್ದ ಮೇಲೆ ಅದು ಅವರಿಗೆ ಕಾಣುತ್ತಿದ್ದದ್ದು ಬೇಲಿಯ ಸಂದಿಯಿಂದ. ಅಂಗಳದಾಚೆ ನಿಂತು ಸೆರಗೊಡ್ಡಿದಾಗ ಮೇಲಿಂದ ಬೀಳುತ್ತಿದ್ದ ರಾಗಿಯ ಜೊತೆ ಒಂದು ದಳ ತುಳಸಿ ಬೀಳುತ್ತಿರಲಿಲ್ಲ. ಕೆಮ್ಮಿಗೆ ಬೇಕಾದಾಗ ಅವರು ಹೊಲದ ಬದುವಿಗೆ ಹೋದರು.

*

ಹೊಲದ ಬದುವಿನಲ್ಲಿ ಬೆಳೆಯುವುದು ನಾಯಿತುಳಸಿ. ಅದೂ ತುಳಸಿಯ ಕುಲದ್ದೇ, ಗಾಢ ವಾಸನೆಯದೇ. ನೆಗಡಿಗೆ, ಸೊಳ್ಳೆ ಓಡಿಸುವುದಕ್ಕೆ ಜನ ಬಳಸಿದ್ದೇ. ಒಂದಕ್ಕೆ ಕಟ್ಟೆ ಸಿಕ್ಕಿತು, ಇನ್ನೊಂದಕ್ಕೆ ನಾಯಿಯ ಹೆಸರು ಸಿಕ್ಕಿತು. ಗಿಡಗಳಿಗೂ ಊರು-ಕೇರಿ ಮಾಡಿದ ದೇಶ ನಮ್ಮದು.

ಔಷಧಿ ಗುಣಕ್ಕಾ‍ಗಿಯೇ ಪೂಜೆ ಇಟ್ಟರು ಎನ್ನುವ ಜಾಣರ ಮಾತಿಗೆ ಈಗ ಬರೋಣ. ಚರಕಸಂಹಿತೆಯಲ್ಲಿ ಉಬ್ಬಸ ತಗ್ಗಿಸುವ 10 ಮದ್ದುಗಳ ಪಟ್ಟಿಯಿದೆ. ಅದರಲ್ಲಿ ಸುರಸಾ ಎಂಬ ಹೆಸರಿನಲ್ಲಿ ತುಳಸಿ ಬರುತ್ತದೆ. ಜೊತೆಗೆ ಇಂಗು, ಏಲಕ್ಕಿ, ಅಗರು, ನೆಲನೆಲ್ಲಿ ಬರುತ್ತವೆ. ಆ ಪಟ್ಟಿಯಲ್ಲಿ ಅದು ಹತ್ತರಲ್ಲಿ ಒಂದು, ದೇವಿಯಲ್ಲ. ಗುಣ ನೋಡಿ ಪೂಜೆ ಇಟ್ಟದ್ದಾದರೆ ಇಂಗಿಗೆ ಯಾಕೆ ಮದುವೆಯಿಲ್ಲ? ಬೇಲಿಯಲ್ಲಿ ಬೆಳೆಯುವ ಆಡುಸೋಗೆಯನ್ನು ನೋಡಿ. ದನ ಬಾಯಿ ಹಾಕುವುದಿಲ್ಲವೆಂದೇ ಅದನ್ನು ಬೇಲಿಗೆ ನೆಡುತ್ತಾರೆ. ಅದರ ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ವಸ್ತುವಿನ ಜಾಡು ಹಿಡಿದು ಬ್ರೋಮ್‌ಹೆಕ್ಸಿನ್ ಎಂಬ ಕಫ ಕರಗಿಸುವ ಔಷಧಿ ತಯಾರಾಯಿತು. ಇಂದು ಲೋಕದ ಕೆಮ್ಮಿನ ಸಿರಪ್ಪುಗಳಲ್ಲಿ ಅದಿದೆ. ಇಷ್ಟು ಉಪಕಾರ ಮಾಡಿದ ಗಿಡಕ್ಕೆ ಒಂದು ಚೊಂಬು ನೀರನ್ನೂ ಯಾರೂ ಮಂತ್ರ ಹೇಳಿ ಹಾಕಿಲ್ಲ. ಪೂಜೆ ಹುಟ್ಟಿದ್ದು ಕಥೆಯಿಂದ. ಔಷಧಿಯ ಮಾತು ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸಲು ಆಮೇಲೆ ತಂದದ್ದು.

ಹಾಗಾದರೆ ಎಲೆಯಲ್ಲಿ ಏನೂ ಇಲ್ಲವೆ? ಇದೆ. ಅದರ ಘಮಕ್ಕೆ ಮುಖ್ಯ ಕಾರಣ ಯೂಜಿನಾಲ್ ಎಂಬ ಎಣ್ಣೆ. ಲವಂಗದಲ್ಲಿರುವುದೂ ಅದೇ, ಹಲ್ಲಿನ ಡಾಕ್ಟರು ಹಚ್ಚುವುದೂ ಅದೇ. ಪ್ರಯೋಗಶಾಲೆಯಲ್ಲಿ ಅದು ಕೆಲವು ರೋಗಾಣುಗಳನ್ನು ಕೊಲ್ಲುತ್ತದೆ. ರಕ್ತದ ಸಕ್ಕರೆಯ ಮೇಲೆ ತುಳಸಿಯ ಪರಿಣಾಮ ನೋಡಲು ಮನುಷ್ಯರ ಮೇಲೂ ಸಣ್ಣ ಪ್ರಯೋಗಗಳು ನಡೆದು, ಸ್ವಲ್ಪ ಅನುಕೂಲ ಕಂಡಿದೆ. ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ತುಳಸಿ ಜಗಿಯಿರಿ ಎನ್ನುವಷ್ಟು ಪುರಾವೆ ಅದಲ್ಲ. ತುಳಸಿ, ಶುಂಠಿ, ಮೆಣಸು, ಬೆಲ್ಲ ಹಾಕಿ ಕುದಿಸಿದ ಕಷಾಯ ನೆಗಡಿಯ ದಿನ ಗಂಟಲಿಗೆ ಹಿತ. ಇಷ್ಟು ನಿಜ. ತುಳಸಿ ಇಪ್ಪತ್ತನಾಲ್ಕು ಗಂಟೆ ಆಮ್ಲಜನಕ ಬಿಡುತ್ತದೆ, ಓಜೋನ್ ಬಿಡುತ್ತದೆ ಎಂಬುದು ನಿಜವಲ್ಲ. ಎಲ್ಲ ಹಸಿರು ಗಿಡಗಳಂತೆ ಅದು ಆಮ್ಲಜನಕ ತಯಾರಿಸಲು ಬೆಳಕು ಬೇಕು, ರಾತ್ರಿ ಅದೂ ನಮ್ಮಂತೆ ಉಸಿರಾಡುತ್ತದೆ. ಲಿನ್ನೇಯಸ್ 1767ರಲ್ಲಿ ಈ ಗಿಡಕ್ಕೆ ಪವಿತ್ರ ಎಂಬ ಅರ್ಥದ 'ಸ್ಯಾಂಕ್ಟಮ್' ಎಂಬ ಹೆಸರಿಟ್ಟ. ಸಸ್ಯಶಾಸ್ತ್ರಜ್ಞರು ಈಗ ಒಪ್ಪಿ ಬಳಸುವುದು ಅವನೇ 1753ರಲ್ಲಿ ಇಟ್ಟ 'ಟೆನುಯಿಫ್ಲೋರಮ್' ಎಂಬ ಹೆಸರನ್ನು. ತೆಳು ಹೂವಿನದು ಎಂದಷ್ಟೇ ಅದರ ಅರ್ಥ. ನಮಗೆ ಈ ಹೆಸರು ಹಿಡಿಸಿತು.

ಇದನ್ನೆಲ್ಲ ಯಾಕೆ ಇಷ್ಟು ಹೇಳುತ್ತೇವೆಂದರೆ, ಕೆಮ್ಮು ನಮ್ಮ ಕೇರಿಯ ಕಾಯಿಲೆ. ಕ್ವಾರಿಯಲ್ಲಿ ಕಲ್ಲು ಒಡೆಯುವವನ ಎದೆಯಲ್ಲಿ ಧೂಳು ಕೂತರೆ ಅದನ್ನು ಯಾವ ಕಷಾಯವೂ ಕರಗಿಸುವುದಿಲ್ಲ. ಎರಡು ವಾರ ಮೀರಿದ ಕೆಮ್ಮಿಗೆ ಬೇಕಾದದ್ದು ಕಫ ಪರೀಕ್ಷೆ. ಕ್ಷಯವೆಂದು ಗೊತ್ತಾದರೆ ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ಮಾತ್ರೆ ನುಂಗಬೇಕು, ಹೊಟ್ಟೆಗೆ ಅನ್ನ ಬೇಕು. ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಅಂಗಳದಲ್ಲಿ ದೇವಿ ಇರುವಾಗ ಆಸ್ಪತ್ರೆ ಯಾಕೆ ಎನ್ನುವ ಮಾತು ಕೇರಿಗೆ ಇಳಿದರೆ ಸಾಯುವವರು ನಮ್ಮವರು.

2020ರ ಕೊರೋನಾ ಕಾಲ ನೆನಪಿಸಿಕೊಳ್ಳಿ. ಆಯುಷ್ ಮಂತ್ರಾಲಯ ತುಳಸಿ, ದಾಲ್ಚಿನ್ನಿ, ಕರಿಮೆಣಸು, ಒಣಶುಂಠಿ, ಒಣದ್ರಾಕ್ಷಿಯ ಕಷಾಯವನ್ನು ದಿನಕ್ಕೆ ಒಂದೆರಡು ಸಲ ಕುಡಿಯಿರಿ ಎಂದು ಸಲಹೆ ಕೊಟ್ಟಿತು. ಕುಡಿದರೆ ತಪ್ಪೇನಿಲ್ಲ. ಆದರೆ ಅದೇ ದಿನಗಳಲ್ಲಿ ಕೂಲಿಯವರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ಹೆದ್ದಾರಿಯಲ್ಲಿ ನಡೆಯುತ್ತಿದ್ದರು. ಪೌರಕಾರ್ಮಿಕರು ಬೀದಿ ಗುಡಿಸುತ್ತಿದ್ದರು, ಬೇರೆಯವರ ಮನೆಯ ಕಸ ಎತ್ತುತ್ತಿದ್ದರು. ದ್ರಾಕ್ಷಿ, ದಾಲ್ಚಿನ್ನಿ ಯಾರ ಡಬ್ಬಿಯಲ್ಲಿತ್ತು? ಕೈಗವಸು ಯಾರಿಗೆ ಬೇಕಿತ್ತು?

ಇದೇ ನಿಷ್ಠುರವನ್ನು ನಾವು ನಮ್ಮ ಗಿಡಕ್ಕೂ ತೋರಿಸಬೇಕು. ಬೇವು ನಮ್ಮದು, ಮಾರಮ್ಮನದು. ಸಿಡುಬು ಎದ್ದವರನ್ನು ನಮ್ಮ ಅಜ್ಜಿಯರು ಬೇವಿನ ಸೊಪ್ಪಿನ ಮೇಲೆ ಮಲಗಿಸಿದರು. ಸೊಪ್ಪು ತಂಪು ಕೊಟ್ಟಿರಬಹುದು, ಸಿಡುಬನ್ನು ಓಡಿಸಿದ್ದು ಲಸಿಕೆ. 1975ರಲ್ಲಿ ಈ ದೇಶದ ಕೊನೆಯ ಸಿಡುಬು ಕಂಡಿತು, ಆಮೇಲೆ ಇಲ್ಲ. ಅದೇ ಬೇವಿನ ಸೊಪ್ಪು ಉಡಿಸಿ ಹೆಂಗಸರನ್ನು ಬೆತ್ತಲೆ ಸೇವೆಗೆ ಕರೆದೊಯ್ಯುತ್ತಿದ್ದುದೂ ಉಂಟು. 1986ರ ಮಾರ್ಚಿನಲ್ಲಿ ಶಿವಮೊಗ್ಗ ಜಿಲ್ಲೆಯ ಚಂದ್ರಗುತ್ತಿಯಲ್ಲಿ ಅದನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೆ, ಪೋಲೀಸರ ಮೇಲೆ ಹಲ್ಲೆಯಾಯಿತು. ಆ ಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಗಿಡ ವೈದಿಕರದಿರಲಿ, ನಮ್ಮದಿರಲಿ, ಅದಕ್ಕೆ ದೇವರ ಹೆಸರು ಕಟ್ಟಿದಾಗ ಭಾರ ಬೀಳುವುದು ಹೆಂಗಸಿನ ಮೈಮೇಲೆ.

*

ಹಾಗಾದರೆ ತುಳಸಿ ಕಿತ್ತು ಹಾಕಬೇಕೆ ಎಂದು ಕೇಳುವವರಿದ್ದಾರೆ. ಗಿಡ ಕಿತ್ತರೆ ಯಾರಿಗೆ ಲಾಭ? ಅವಳನ್ನು ಒಮ್ಮೆ ಸುಟ್ಟದ್ದು ಸಾಲದೆ? ನಾವು ಹೇಳುವುದು ಬೇರೆ. ಗಿಡವನ್ನು ಕಟ್ಟೆಯಿಂದ ಇಳಿಸಿ ನೆಲದಲ್ಲಿ ನೆಡಿ. ಕೇರಿಯ ನಲ್ಲಿಯ ಪಕ್ಕ, ಶಾಲೆಯ ಅಂಗಳದಲ್ಲಿ, ಹಾಸ್ಟೆಲಿನ ಹಿತ್ತಲಲ್ಲಿ ನೆಡಿ. ಮುಟ್ಟಾದವಳೂ ನೀರು ಹಾಕಲಿ, ಗಂಡ ಸತ್ತವಳೂ ಎಲೆ ಕೀಳಲಿ. ನೆಗಡಿಯಾದ ಮಗು ಸ್ನಾನ ಮಾಡದೆ ಹೋಗಿ ನಾಲ್ಕು ಎಲೆ ಕಿತ್ತು ಬಾಯಿಗೆ ಹಾಕಿಕೊಳ್ಳಲಿ. ಪಕ್ಕದಲ್ಲಿ ನಾಯಿತುಳಸಿಯನ್ನೂ ಆಡುಸೋಗೆಯನ್ನೂ ನೆಡಿ.

ಕಥೆಯನ್ನೂ ಬಿಡಬೇಡಿ. ನಮ್ಮ ಕವಿಗಳು, ನಾಟಕ ಆಡಿಸುವವರು, ತಮಟೆ ಹಿಡಿದು ಹಾಡುವವರು ಅದನ್ನು ಕೈಗೆತ್ತಿಕೊಳ್ಳಬೇಕು. ವಿಷ್ಣುಪ್ರಿಯೆ ಎನ್ನುವ ಹೆಸರು ಅವಳಿಗೆ ಅವರು ಇಟ್ಟದ್ದು. ಅವಳ ಅಪ್ಪ ಇಟ್ಟದ್ದು ವೃಂದೆ ಎಂದು. ಅವಳು ಕೊನೆಗೆ ಆಡಿದ ಮಾತು ಪ್ರಾರ್ಥನೆಯಲ್ಲ, ಶಾಪ. ದೇವರನ್ನೇ ಎದುರಿಗೆ ನಿಲ್ಲಿಸಿಕೊಂಡು, ನೀನು ಮಾಡಿದ್ದು ಮೋಸ ಎಂದು ಹೇಳಿದ ಒಬ್ಬ ಅಸುರ ಹೆಂಗಸಿನ ಮಾತು ನಮ್ಮ ಪುರಾಣಗಳಲ್ಲಿ ಅಳಿಯದೆ ಉಳಿದಿದೆ. ಅದನ್ನು ಬರೆದುಕೊಂಡವರಿಗೂ ಅಳಿಸಲು ಆಗಲಿಲ್ಲ, ಮದುವೆಯ ಚಪ್ಪರ ಹಾಕಿ ಮುಚ್ಚಿದರು ಅಷ್ಟೆ. ಮುಂದಿನ ಕಾರ್ತಿಕದಲ್ಲಿ ಚಪ್ಪರ ಹಾಕುವವರು ಹಾಕಿಕೊಳ್ಳಲಿ. ಬಲೀಂದ್ರನನ್ನು ಕೂಗಿ ಕರೆಯುವ ಗದ್ದೆಯ ಬದುವಿನಲ್ಲಿ ನಿಂತು ನಾವು ವೃಂದೆಯನ್ನೂ ಒಮ್ಮೆ ಹೆಸರು ಹಿಡಿದು ಕರೆಯೋಣ, ಅವಳ ಕಥೆಯನ್ನು ಅವಳ ಕಡೆಯಿಂದ ಮಕ್ಕಳಿಗೆ ಹೇಳೋಣ.